ಖಾಲಾಗೆ ತಂದ ಮಿಸ್ವಾಕ್

ಖಾಲಾ, ಅಂದರೆ ನನ್ನ ತಾಯಿಯ ಅಕ್ಕ, ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ. ಅವಳು ಮುಚ್ಚುತ್ತಿದ್ದದ್ದು ಮಿಶ್ರಿಯಿಂದ ಕಪ್ಪಾದ ಹಲ್ಲುಗಳನ್ನು. ಸುಟ್ಟ ತಂಬಾಕಿನ ಆ ಪುಡಿಯನ್ನು ಅವಳು ಮದುವೆಯಾದಾಗಿನಿಂದ ಉಜ್ಜುತ್ತಿದ್ದಳು. ಧಾರವಾಡದಲ್ಲಿ ಎಂ.ಎ. ಮುಗಿಸಿ ಸವಣೂರಿಗೆ ಬಂದ ಮೇಲೆ ನಾನು ಅವಳ ಜೊತೆಗಿದ್ದೇನೆ.

ಅವಳ ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಿತ್ತು. ಶಿಗ್ಗಾಂವಿಯ ದಂತವೈದ್ಯೆ ಪರೀಕ್ಷಿಸಿ, ಮಿಶ್ರಿ ಬಿಡದಿದ್ದರೆ ಅದು ಕ್ಯಾನ್ಸರಿಗೆ ತಿರುಗಬಹುದು, ಬಿಟ್ಟು ಒಂದು ತಿಂಗಳಿಗೆ ಮತ್ತೆ ಬನ್ನಿ ಎಂದರು. ಮನೆಗೆ ಬಂದವಳೇ ಖಾಲಾ ಗೂಡಿನಿಂದ ಡಬ್ಬಿ ತೆಗೆದು ಬೆರಳಿಗೆ ಮಿಶ್ರಿ ಹಚ್ಚಿಕೊಂಡಳು.

ಆ ಬೆರಳಿಗೆ ಬೇರೆ ಕೆಲಸ ಕೊಡಬೇಕೆನಿಸಿತು. ಶುಕ್ರವಾರ ಮಸೀದಿಯ ಹೊರಗೆ ಅತ್ತರು, ಟೋಪಿ ಮಾರುವವನ ಬಳಿ ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ ಕೇಳಿದೆ.

"ನಿಮ್ಮ ಅಪ್ಪಗೇನ್ರಿ?"

"ಅಲ್ಲ, ಖಾಲಾಗ."

ಅವನು ಒಮ್ಮೆ ನೋಡಿ, ಎರಡು ಕಡ್ಡಿ ಸುತ್ತಿ ಕೊಟ್ಟ.

ಖಾಲಾ ಮೂಸಿ ನೋಡಿದಳು. "ಇದು ಗಂಡಸ್ರ ಕಿಸೇದಾಗ ಇರೋದು. ನಮ್ಮ ಮನಿಯವ್ರು, ನಿಮ್ಮ ಖಾಲೂ, ಐದೂ ಹೊತ್ತಿನ ನಮಾಜಿಗೆ ಉಜ್ಜತಿದ್ರು. ನಮಗ ಯಾರ್ ತಂದ್ ಕೊಟ್ರು?"

"ಪೈಗಂಬರ್ರು ಹಾಕಿಕೊಟ್ಟ ಸುನ್ನತ್ ಗಂಡಸ್ರಿಗಷ್ಟ ಐತೇನು?"

"ಓದಿದಾಕಿ ಅಲ್ಲಾ, ಬಾಯಿ ಬಾಳ ಐತಿ," ಎಂದಳು. ಕಡ್ಡಿ ತೆಗೆದುಕೊಂಡಳು.

ನಾಲ್ಕು ದಿನ ಬೆಳಗಿನ ನಮಾಜಿಗೆ ಮುಂಚೆ ಬಚ್ಚಲಿನಿಂದ ಉಜ್ಜುವ ಸದ್ದು ಬಂತು, ನೆಮ್ಮದಿಯಾಗಿದ್ದೆ. ಐದನೆಯ ದಿನ ಕಟ್ಟೆಯ ಮೇಲೆ ಅವಳ ಕಡ್ಡಿ ಕಂಡಿತು. ತುದಿ ಕಪ್ಪಾಗಿತ್ತು. ಮೂಸಿದರೆ ತಂಬಾಕು. ಕಡ್ಡಿಯನ್ನೇ ಮಿಶ್ರಿಯಲ್ಲಿ ಅದ್ದಿ ಉಜ್ಜುತ್ತಿದ್ದಳು.

ಗದರಿಸಿದೆ. ಅವಳು ಸೆರಗು ಸರಿಸಿ ಬಾಯಿ ತೆರೆದಳು. ವಸಡು ತರಚಿ ಕೆಂಪಾಗಿತ್ತು.

"ಕಟಗಿ ಇದ್ದಂಗ ಐತಿ ಬೇಟಿ. ಕಚ್ಚಿ ಮೆತ್ತಗ ಮಾಡಾಕ ನನಗ ದವಡಿಹಲ್ಲ ಎಲ್ಲಿ ಅದಾವ? ಮಿಶ್ರಿ ಹಚ್ಚಿದ್ರ ಉರಿ ಗೊತ್ತಾಗಂಗಿಲ್ಲ."

ಕಡ್ಡಿ ತಂದುಕೊಟ್ಟ ನಾನು ಅವಳ ಬಾಯೊಳಗೆ ಅದುವರೆಗೆ ಸರಿಯಾಗಿ ನೋಡಿರಲೇ ಇಲ್ಲ.

ವಸಡು ಮಾಯುವವರೆಗೆ ಉಪ್ಪುನೀರು ಮುಕ್ಕಳಿಸಿದಳು. ಡಬ್ಬಿಯನ್ನು ತಾನಾಗಿಯೇ ನನ್ನ ಕೈಗಿಟ್ಟಳು. "ಇಟ್ಕೊ. ಬೇಡಿದ್ರೂ ಕೊಡಬ್ಯಾಡ."

ಮೂರನೆಯ ದಿನವೇ ಬೇಡಿದಳು. "ಒಂದ ಬೆರಳು. ಖುದಾನ ಆಣಿ, ಒಂದ."

ನಾನು ಕೊಡಲಿಲ್ಲ.

"ಕಲ್ಲಿನ ಎದಿ ನಿಂದು. ನಿಮ್ಮವ್ವ ಹಿಂಗ ಇರಲಿಲ್ಲ," ಎಂದು ಗೋಡೆಯ ಕಡೆ ತಿರುಗಿ ಕುಳಿತಳು.

ಉಳಿದಿದ್ದ ಕಡ್ಡಿಯ ತೊಗಟೆ ಕೆತ್ತಿ, ನೀರಿನಲ್ಲಿ ನೆನೆಸಿಟ್ಟಿದ್ದೆ. ತುದಿಯನ್ನು ಕಲ್ಲಿನಿಂದ ಮೆಲ್ಲಗೆ ಜಜ್ಜಿ, ಎಳೆಗಳನ್ನು ನನ್ನ ಅಂಗೈಗೆ ಉಜ್ಜಿ ನೋಡಿದೆ. ಚುಚ್ಚಲಿಲ್ಲ. ಅವಳ ಪಕ್ಕ ಕುಳಿತು ಮುಂದೆ ಹಿಡಿದೆ. ಚಹಾ ಆರುವಷ್ಟು ಹೊತ್ತಾದ ಮೇಲೆ, ಮುಖ ತಿರುಗಿಸದೆ ಕೈಯಷ್ಟೇ ಚಾಚಿದಳು.

ಈಗ ದಿನವೂ ನಾನೇ ತುದಿ ಜಜ್ಜಿ ಕೊಡುತ್ತೇನೆ. ವೈದ್ಯೆಯ ಬಳಿ ಹೋಗಲು ಇನ್ನೂ ಹನ್ನೊಂದು ದಿನವಿದೆ. ಡಬ್ಬಿ ನನ್ನ ಪುಸ್ತಕಗಳ ಹಿಂದಿದೆ. ಅದು ಅಲ್ಲಿದೆಯೆಂದು ಖಾಲಾಗೆ ಗೊತ್ತು.