ಕ್ಯಾಲನೂರಿನ ಅಂಕಿ ಎಲ್ಲಿ ತಡವಾಯಿತು

ಕ್ಯಾಲನೂರು ಡೇರಿಯ ಅಂಕಿಗಳು ತಡವಾಗಿ ಬರುವುದಕ್ಕೆ ಅಲ್ಲಿ ಹಾಲು ಅಳೆಯುವ ಹೆಂಗಸಿನ ಬಾಯಿಯೇ ಕಾರಣ ಎಂದು ಮೀಟಿಂಗಿನಲ್ಲಿ ಮೊದಲು ಹೇಳಿದವರು ಯಾರೆಂಬುದು ನನಗೆ ಖಚಿತವಿಲ್ಲ. ನನ್ನ ಸಹೋದ್ಯೋಗಿ ಮುನಿರಾಜು ಹೇಳಿದನೆಂದು ನನ್ನ ನೆನಪು. ನಾನೇ ಹೇಳಿದೆನೆಂದು ಅವನ ನೆನಪು. ನೆನಪು ನಂಬಲರ್ಹ ಸಾಕ್ಷಿಯಲ್ಲವೆಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ, ಉಳಿದವರ ನೆನಪುಗಳಿಗೆ ಮಾತ್ರ ಆ ಪಾಠವನ್ನು ಅನ್ವಯಿಸುತ್ತ ಬಂದವನು ನಾನು. ಆ ಮಾತಿಗೆ ತಲೆಯಾಡಿಸಿದವರಲ್ಲಂತೂ ನಾನಿದ್ದೆ.

ವೇಮಗಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ಒಂದು ಹಾಲಿನ ಕಂಪನಿಗೆ ಸಾಫ್ಟ್‌ವೇರ್ ಬರೆದುಕೊಡುವ ಕಚೇರಿ ನಮ್ಮದು. ಊರೂರಿನ ಡೇರಿಗಳಲ್ಲಿ ಬೆಳಿಗ್ಗೆ ಹಾಲು ಅಳೆದು, ಜಿಡ್ಡಿನಂಶ ನೋಡಿ, ಫೋನಿನಲ್ಲಿ ಒತ್ತಿದ ಅಂಕಿಗಳು ನಮ್ಮ ಸಂಗ್ರಹ ವ್ಯವಸ್ಥೆಗೆ ಬಂದು ಸೇರಬೇಕು. ಏಳು ಗಂಟೆಯ ನಂತರ ಬಂದದ್ದೆಲ್ಲ ‘ತಡ’. ಕ್ಯಾಲನೂರು ತಿಂಗಳಿಡೀ ತಡ. ಹೀಗೇ ಮುಂದುವರಿದರೆ ಪರೀಕ್ಷೆಯ ಯಂತ್ರವನ್ನು ಪಕ್ಕದ ಊರಿಗೆ ಸಾಗಿಸುವುದೆಂದು ಕಂಪನಿ ನಿರ್ಧರಿಸಿತ್ತು. ಯಂತ್ರದ ಹಿಂದೆಯೇ ಅದನ್ನು ನಡೆಸುತ್ತಿದ್ದ ಮಂಜುಳಮ್ಮನ ಕೆಲಸವೂ ಹೋಗುತ್ತಿತ್ತು. ತರಬೇತಿ ಕೊಡಲು ಒಮ್ಮೆ ಹೋಗಿದ್ದಾಗ ಆಕೆ ಕ್ಯೂನಲ್ಲಿದ್ದವರನ್ನೆಲ್ಲ ಮಾತಾಡಿಸುವುದನ್ನು ನಾವಿಬ್ಬರೂ ನೋಡಿದ್ದೆವು. ವಿದ್ಯಾವಂತರಿಗೆ ಅಷ್ಟು ಪುರಾವೆ ಸಾಕಾಗುತ್ತದೆ.

ನಮ್ಮ ಮ್ಯಾನೇಜರಿಗೆ ಮಾತ್ರ ಸಾಕಾಗಲಿಲ್ಲ. ನ್ಯಾಯನಿಷ್ಠೆಯಿಂದಲ್ಲ, ಅವರು ಎಲ್ಲೋ ಒಂದು ಬಣ್ಣಬಣ್ಣದ ಚಿತ್ರ ನೋಡಿ ಬಂದಿದ್ದರು, ಅದರ ಹೆಸರು ಟ್ರೇಸಿಂಗ್. ಹಾಲಿನ ಅಂಕಿ ನೆಟ್ಟಗೆ ಹೋಗಿ ಒಂದು ಕಂಪ್ಯೂಟರಿನಲ್ಲಿ ಕೂರುತ್ತದೆಂದು ನೀವು ಭಾವಿಸಿದ್ದರೆ ನಿಮ್ಮ ಮುಗ್ಧತೆಗೆ ನಮಸ್ಕಾರ. ಬಾಗಿಲಲ್ಲಿ ಒಂದು ಪ್ರೋಗ್ರಾಮು ನಿಂತು ನೀನು ಯಾರೆಂದು ಕೇಳುತ್ತದೆ, ಇನ್ನೊಂದು ಅದಕ್ಕೆ ಜಾಗ ಹುಡುಕುತ್ತದೆ, ಮತ್ತೊಂದು ಬರೆಯುತ್ತದೆ, ಬರೆದದ್ದು ಮೂರು ಕಂಪ್ಯೂಟರುಗಳಲ್ಲಿ ಮೂರು ಪ್ರತಿಯಾಗುತ್ತದೆ. ಪ್ರತಿಯೊಂದೂ ತನ್ನದೇ ದಿನಚರಿ ಇಡುತ್ತದೆ, ಮತ್ತು ಮನುಷ್ಯರ ದಿನಚರಿಗಳಂತೆಯೇ ಪ್ರತಿಯೊಂದರಲ್ಲೂ ಬರೆದುಕೊಂಡವನೇ ಸಜ್ಜನ. ಮಾಲೂರಿನ ಇಟ್ಟಿಗೆ ಗೂಡಿನಿಂದ ಹೊರಟ ಲಾರಿಯಲ್ಲಿ ಒಂದೇ ಚೀಟಿಯಿದ್ದು, ನಿಂತಲ್ಲೆಲ್ಲ ಬಂದ ಹೊತ್ತನ್ನೂ ಹೊರಟ ಹೊತ್ತನ್ನೂ ಅದರ ಮೇಲೆ ಬರೆಸುತ್ತ ಹೋದರೆ, ಡ್ರೈವರು ಟೀ ಅಂಗಡಿಯಲ್ಲಿ ಎಷ್ಟು ಹೊತ್ತು ಕೂತಿದ್ದನೆಂದು ತಿಳಿಯುವುದಿಲ್ಲವೇ? ಟ್ರೇಸಿಂಗ್ ಎಂದರೆ ಅಷ್ಟೇ. ಬಾಗಿಲಲ್ಲಿ ಪ್ರತಿ ಅಂಕಿಗೂ ಒಂದು ನಂಬರು ಕೊಡುವುದು. ಪ್ರತಿ ಪ್ರೋಗ್ರಾಮೂ ಆ ನಂಬರನ್ನು ಹಾಗೆಯೇ ಮುಂದಕ್ಕೆ ದಾಟಿಸುವುದು. ಇಷ್ಟಕ್ಕೆ ನಾವು ಮೂರು ವಾರ ಬೆವರಿದೆವು, ಗೋಡೆಗೊಂದು ದೊಡ್ಡ ಟಿವಿ ತೂಗುಹಾಕಿದೆವು. ನಮ್ಮಲ್ಲಿ ಯಾವ ಸತ್ಯವೂ ಟಿವಿಯ ಮೇಲೆ ಕಾಣುವವರೆಗೆ ಸತ್ಯವಲ್ಲ.

ಟಿವಿಯ ಮೇಲೆ ಬಣ್ಣದ ಪಟ್ಟೆಗಳು ಸಾಲಾಗಿ ಬಂದವು, ಅಂಕಿ ನಿಂತ ಹೊತ್ತು ಹೆಚ್ಚಾದಷ್ಟೂ ಪಟ್ಟೆ ಉದ್ದ. ಬರೆಯುವ ಪ್ರೋಗ್ರಾಮಿನ ಹೊಸ್ತಿಲ ತನಕ ಬಂದು ಮಾಯವಾದವು. ಅದರಾಚೆ ಯಾವುದೋ ಅನಾಥ ನಂಬರು ಹೊಸದಾಗಿ ಶುರುವಾಗುತ್ತಿತ್ತು. ಮುಳಬಾಗಿಲಿನ ಮುನಿರಾಜುವಿಗೆ ಕುತೂಹಲ ಹೆಚ್ಚಾದಾಗ ತೆಲುಗು ತಾನಾಗಿ ಇಣುಕುತ್ತದೆ.

“ಏಮಪ್ಪಾ, ಎಲ್ರೂ ಚೀಟಿ ದಾಟಿಸ್ತಾವ್ರೆ. ಇಲ್ಲೊಬ್ಬ ಮಾತ್ರ ಹರಿದ್ಹಾಕಿ ತನ್ದೇ ಹೊಸದು ಬರ್ಕೊಂಡವ್ನೆ. ಯಾರು ಬರೆದಿದ್ದು ಇದನ್ನ?”

“ನಾನೇ.”

“ಅನ್ಕೊಂಡೆ ಬಿಡು.”

ಹೊರಗಿನಿಂದ ಬಂದ ಯಾವ ನಂಬರನ್ನೂ ನಂಬದೆ, ತನ್ನದೇ ನಂಬರು ಹುಟ್ಟಿಸಿಕೊಳ್ಳುವಂತೆ ಆ ಪ್ರೋಗ್ರಾಮನ್ನು ಹಿಂದೊಮ್ಮೆ ಬರೆದವನು ನಾನು. ಸಂಶಯವೇ ಜ್ಞಾನದ ಆರಂಭವೆಂದು ಆಗ ಬಹಳ ಹೆಮ್ಮೆಪಟ್ಟುಕೊಂಡಿದ್ದಿರಬೇಕು. ಒಂದು ಸಾಲು ತಿದ್ದಿದೆ. ಪಟ್ಟೆ ಹೊಸ್ತಿಲು ದಾಟಿತು, ದಾಟಿ ಟಿವಿಯ ಬಲಗಡೆಯ ಅಂಚಿನ ತನಕ ಉದ್ದಕ್ಕೆ ಮಲಗಿತು. ನನ್ನ ಪ್ರೋಗ್ರಾಮು ಮೂರು ಪ್ರತಿಗಳನ್ನೂ ಬರೆದ ಮೇಲೆ, ನಿಜವಾಗಿಯೂ ಬರೆದೆನೋ ಇಲ್ಲವೋ ಎಂಬ ಅನುಮಾನದಿಂದ ಪ್ರತಿಯೊಂದನ್ನೂ ಮೂರು ಸಲ ತೆರೆದು ಓದುತ್ತಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತಿರುವಿನಿಂದ ಮನೆಗೆ ವಾಪಸಾಗುವ ನನ್ನ ಗುಣವನ್ನೇ ಅದಕ್ಕೆ ಧಾರೆಯೆರೆದಿದ್ದೆ. ಬರಿಯ ಅಂಕಿಯಾದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ ಕ್ಯಾಲನೂರು ಪ್ರತಿ ಅಂಕಿಯ ಜೊತೆಗೂ ಒಂದು ಫೋಟೋ ಕಳಿಸುತ್ತಿತ್ತು. ಒಂದೊಂದು ಫೋಟೋವನ್ನೂ ಒಂಬತ್ತು ಸಲ ಓದಿ ಮುಗಿಸುವಷ್ಟರಲ್ಲಿ ಹಿಂದೆ ಸರದಿಯಲ್ಲಿದ್ದ ಆ ಊರಿನ ಉಳಿದ ಅಂಕಿಗಳಿಗೆ ಏಳು ಗಂಟೆ ಮೀರುತ್ತಿತ್ತು.

ವರದಿಯಲ್ಲಿ ‘ನೆಟ್‌ವರ್ಕ್ ತೊಂದರೆ’ ಎಂದು ಬರೆಯಲು ಮ್ಯಾನೇಜರು ಸೂಚಿಸಿದರು. ನಮ್ಮ ವೃತ್ತಿಯಲ್ಲಿ ಆ ಪದ ಸಕಲ ಪಾಪಗಳಿಗೂ ತೀರ್ಥ. ಮಾರನೆಯ ಬೆಳಿಗ್ಗೆ ನಾನು ಕ್ಯಾಲನೂರಿಗೆ ಹೋದೆ.

ಮಂಜುಳಮ್ಮ ಮಾತಾಡುತ್ತಿದ್ದರು, ನಿಜ. “ಏನ್ ಚಿಕ್ಕಣ್ಣ, ಹಸು ಮೇವು ತಿನ್ತಾ? ನೀನು ತಿಂದ್ಯಾ?” ಎನ್ನುವಷ್ಟರಲ್ಲಿ ಹಾಲು ಸುರಿದು, ಯಂತ್ರ ನೋಡಿ, ಅಂಕಿ ಒತ್ತಿ, ಫೋಟೋ ತೆಗೆದು, ಕ್ಯಾನನ್ನು ಪಕ್ಕಕ್ಕೆ ಸರಿಸಿಯಾಗಿತ್ತು. ಆ ಕೈಗಳ ವೇಗ ನಮ್ಮ ಕಚೇರಿಯಲ್ಲಿ ಊಟದ ಹೊತ್ತಿನಲ್ಲೂ ಕಾಣಸಿಗುವುದಿಲ್ಲ.

“ಅಕ್ಕಾ, ಈ ಫೋಟೋ ಯಾಕೆ ಕಳಿಸ್ತೀರಿ? ಬೇರೆ ಯಾವ ಊರಿಂದಲೂ ಬರಲ್ಲ.”

“ಏನ್ ಸಾರ್ ಹಿಂಗಂತೀರ. ಅಂಕಿ ಒಂದನ್ನೇ ನಂಬಕ್ಕಾಗಲ್ಲ, ಫೋಟೋನೂ ಹಾಕಿ ಅಂತ ನೀವೇ ಅಲ್ವಾ ಹೇಳಿದ್ದು?”

ನಾನು ಹೇಳಿಲ್ಲವೆಂದೆ. ಹೇಳಿದ ನೆನಪು ನನಗೆ ಎಳ್ಳಷ್ಟೂ ಇರಲಿಲ್ಲ.

“ಹಂಗಾದ್ರೆ ನಿಮ್ ಥರಾನೇ ಇರೋರು ಇನ್ಯಾರೋ ಬಂದು ಹೇಳಿರ್ಬೇಕು ಬಿಡಿ,” ಎಂದು ಮುಂದಿನ ಕ್ಯಾನಿಗೆ ಕೈ ಹಾಕಿದರು. ಕ್ಯೂನಲ್ಲಿದ್ದವರು ನಕ್ಕರು. ನಾನೂ ನಗಬೇಕಾಯಿತು.

ಕಚೇರಿಗೆ ಬಂದು, ಆ ಮರುಓದನ್ನು ತೆಗೆದುಹಾಕಿ, ತಪ್ಪು ನಮ್ಮ ಪ್ರೋಗ್ರಾಮಿನದು, ಅದನ್ನು ಬರೆದವನು ನಾನು ಎಂದು ವರದಿ ಬರೆದೆ. ಮ್ಯಾನೇಜರು ಅದನ್ನು ಎರಡು ಸಲ ಓದಿ, ನನ್ನ ಕಡೆಗೊಮ್ಮೆ ನೋಡಿ, ಕಳಿಸಿದರು. ಯಂತ್ರ ಕ್ಯಾಲನೂರಿನಲ್ಲೇ ಉಳಿಯಿತು. ಅದನ್ನು ಸಾಗಿಸುವ ಮಾತು ತೆಗೆದ ಕಂಪನಿಯವರೇ ತಾವು ಹಾಗೆ ಹೇಳಿರಲೇ ಇಲ್ಲ ಎಂದರು. ಆ ವಿಷಯದಲ್ಲಿ ಅವರನ್ನು ಹೀಯಾಳಿಸುವ ಹಕ್ಕನ್ನು ನಾನಾಗಲೇ ಕಳೆದುಕೊಂಡಿದ್ದೆ.

ಆ ಭಾನುವಾರ ಮನೆಯಲ್ಲಿ ಕೂತು, ತರಬೇತಿಯ ಕಾಲದಲ್ಲಿ ಡೇರಿಗಳವರಿಗಾಗಿ ಮಾಡಿದ್ದ ವಾಟ್ಸಾಪ್ ಗುಂಪನ್ನು ತೆರೆದು ಬೆರಳಿನಿಂದ ಹಿಂದಕ್ಕೆ ಜರುಗಿಸುತ್ತ ಹೋದೆ. ‘ಪ್ರತಿ ಅಂಕಿಗೂ ಯಂತ್ರದ ಫೋಟೋ ಕಡ್ಡಾಯ.’ ನನ್ನ ನಂಬರಿನಿಂದಲೇ ಹೋದದ್ದು. ಅದರ ಕೆಳಗೆ ಇದ್ದದ್ದು ಒಂದೇ ಉತ್ತರ, ಕ್ಯಾಲನೂರಿನ ಮಂಜುಳಮ್ಮನದು: ‘ಸರಿ ಸಾರ್.’