ಅಣ್ಣನ ಗಾಡಿಗೆ ಸೆಲ್ಫ್ ಸ್ಟಾರ್ಟ್

ಸುಟ್ಟ ಮೋಟರನ್ನು ಮೂಸಿ ನೋಡಿ ಅದು ಎಷ್ಟು ಹೊತ್ತು ಉರಿದಿದೆ ಎಂದು ಹೇಳಬಲ್ಲವಳು ಆ ಬೀದಿಯಲ್ಲಿ ಒಬ್ಬಳೇ ಇದ್ದಳು. ಮೋಟರಿನ ಕಾಯಿಲ್ ಸುತ್ತುವವಳೆಂದು ಎಲ್ಲರೂ ಅವಳನ್ನು ಕಾಯಿಲಕ್ಕ ಎಂದೇ ಕರೆಯುತ್ತಿದ್ದರು. ಫ್ಯಾನಿನಿಂದ ಹಿಡಿದು ನೀರೆತ್ತುವ ಪಂಪಿನವರೆಗೆ ಯಾವುದರ ಮೋಟರ್ ಸುಟ್ಟರೂ ಒಳಗಿನ ಕರಿ ತಂತಿಯನ್ನು ಕಿತ್ತೆಸೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುವುದು ಅವಳ ಕೆಲಸ. ಹತ್ತಡಿ ಅಗಲದ ಅಂಗಡಿ. ಗೋಡೆಯ ಮೊಳೆಗಳಲ್ಲಿ ದಪ್ಪ, ಸಣ್ಣ ತಂತಿಯ ಉರುಳೆಗಳು. ಮೇಜಿನ ಮೇಲೆ ಕೈಯಲ್ಲಿ ತಿರುಗಿಸುವ ಸುತ್ತುಯಂತ್ರ. ಅದರ ಮರದ ಹಿಡಿ ಅವಳ ಅಂಗೈಯ ಆಕಾರಕ್ಕೆ ಸವೆದುಹೋಗಿತ್ತು.

ಅಂಗಡಿ ಮೊದಲು ಗಂಡನದು. ಅವನು ಸುತ್ತುವಾಗ ಪಕ್ಕದಲ್ಲಿ ಕೂತು ಸುತ್ತು ಎಣಿಸುತ್ತಿದ್ದವಳು ಅವಳು. ಎಣಿಸುತ್ತ ಎಣಿಸುತ್ತ ಕೆಲಸ ಕೈಗೆ ಹತ್ತಿತು. ಇಪ್ಪತ್ತೆಂಟನೆಯ ವಯಸ್ಸಿಗೆ ಗಂಡ ತೀರಿಕೊಂಡಾಗ ಅವಳಿಗೆ ಕೆಲಸ ಗೊತ್ತಿತ್ತು, ಕೆಲಸ ಕೊಡುವವರು ಮಾತ್ರ ಇರಲಿಲ್ಲ. ಹೆಂಗಸು ಸುತ್ತಿದ ಮೋಟರ್ ಎಷ್ಟು ದಿನ ತಿರುಗೀತು ಎಂದು ಮೂಗು ಮುರಿದವರಲ್ಲಿ ಎದುರು ಬದಿಯ ಬ್ಯಾಟರಿ ಅಂಗಡಿಯವನೂ ಒಬ್ಬ. ಆ ಮಾತು ಅವಳ ಕಿವಿಗೆ ಬಿತ್ತು. ಅಂದಿನಿಂದ ಅವಳು ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಆಗ ಅಣ್ಣ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ. ಅವನು ಮೆಕ್ಯಾನಿಕ್. ಕಾರ್ಖಾನೆಗಳಿಗೆ ಹೋಗಿ ಸುಟ್ಟ ಮೋಟರುಗಳನ್ನು ತಾನೇ ಸುತ್ತಿಕೊಡುವವನಂತೆ ತಂದು ತಂಗಿಯ ಮುಂದೆ ಇಳಿಸುತ್ತಿದ್ದ. ಆದ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಹೀಗೇ ಒಂದು ವರ್ಷ ನಡೆಯಿತು. ಒಂದು ದಿನ ಗಿರಣಿಯ ಮೇಸ್ತ್ರಿ ನಾಲ್ಕು ಜನರ ಎದುರು, ನಿಮ್ಮ ಕೈ ಬಹಳ ಚೆನ್ನಾಗಿದೆ ಎಂದು ಹೊಗಳಿದ. ಅಣ್ಣ ಹೇಳಿದ್ದು ಇಷ್ಟೇ:

"ಕೈ ನನ್ನದಲ್ಲ, ನನ್ನ ತಂಗೀದು. ಇನ್ಮೇಲೆ ಅವಳಿಗೇ ಕೊಡಿ."

ಆಮೇಲೆ ಅವಳ ಅಂಗಡಿಯ ಬಾಗಿಲು ಮುಚ್ಚುವ ಪ್ರಮೇಯ ಬರಲಿಲ್ಲ. ಆದರೆ ಆ ಮಾತಿಗೆ ಅವಳು ಅಣ್ಣನಿಗೆ ಒಂದು ದಿನವೂ ಏನೂ ಹೇಳಿರಲಿಲ್ಲ. ಆ ಮನೆಯಲ್ಲಿ ಉಪಕಾರವಾಯಿತು ಎನ್ನುವ ರೂಢಿ ಇರಲಿಲ್ಲ. ಹೇಳಿದರೆ ಆಮೇಲೆ ಮುಖವನ್ನು ಎಲ್ಲಿಟ್ಟುಕೊಳ್ಳಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಅಣ್ಣನಿಗೆ ಈಗ ಅರವತ್ತನಾಲ್ಕು. ಕೆಲಸ ಬಿಟ್ಟ ಮೇಲೆ ಅವನಿಗೆ ಉಳಿದದ್ದು ಭಾನುವಾರ. ಊರಾಚೆ ಒಂದು ಹಳೆಯ ಗೋದಾಮಿನ ಜಾಗದಲ್ಲಿ ಮಕ್ಕಳಿಗೆ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸಲು ಕಲಿಸುತ್ತಾರೆ. ದಾರಿ ಅರ್ಧ ಬಯಲಲ್ಲಿ, ಅರ್ಧ ಗೋದಾಮಿನ ಒಳಗೆ ಹಾದುಹೋಗುತ್ತದೆ. ಮೊದಲ ಮೂರು ಸುತ್ತು ಅಣ್ಣ ತನ್ನ ಗಾಡಿಯಲ್ಲಿ ಮುಂದೆ ಹೋಗಬೇಕು. ಎಂಟು ಮಕ್ಕಳು ಅವನು ಹೋದ ಜಾಡಿನಲ್ಲೇ ಹಿಂದೆ ಬರಬೇಕು. ಗಾಡಿಯನ್ನು ಅವನೇ ಕಬ್ಬಿಣದ ಕೊಳವೆ ಬಗ್ಗಿಸಿ ಕಟ್ಟಿದ್ದ. ಜನರೇಟರಿನ ಎಂಜಿನ್. ಹಗ್ಗ ಎಳೆದರೆ ಶುರುವಾಗುವಂಥದು.

ಹೋದ ವರ್ಷ ಏಣಿಯಿಂದ ಬಿದ್ದು ಅವನ ಬಲಭುಜ ಮುರಿಯಿತು. ಮೂಳೆ ಕೂಡಿಕೊಂಡಿತು, ಕಸುವು ಮರಳಲಿಲ್ಲ. ಎಡಗೈಯಲ್ಲಿ ಎಳೆದರೆ ಹಗ್ಗ ಅರ್ಧಕ್ಕೇ ನಿಲ್ಲುತ್ತಿತ್ತು. ಕೆಲವು ವಾರ ಅಲ್ಲಿನ ಕೆಲಸದವರು ಎಳೆದುಕೊಟ್ಟರು. ಒಂದು ಭಾನುವಾರ ಕಲಿಯಲು ಬಂದ ಪುಟ್ಟ ಹುಡುಗಿಯೊಬ್ಬಳು, ತಾತ, ನಿಮ್ಮ ಗಾಡೀನ ಯಾಕೆ ಬೇರೆಯವರು ಸ್ಟಾರ್ಟ್ ಮಾಡ್ತಾರೆ ಎಂದು ಕೇಳಿದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಅವನು ಗಾಡಿಯನ್ನು ಮನೆಗೆ ತಂದು ಹಿತ್ತಲಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿಬಿಟ್ಟ.

ಈ ಸುದ್ದಿ ತಂದವಳು ಅತ್ತಿಗೆ. ಬೆಳಗ್ಗೆ ಓದಿದ ಪತ್ರಿಕೆಯನ್ನೇ ಮಧ್ಯಾಹ್ನವೂ ಓದುತ್ತಾರೆ, ಸರಿಯಾಗಿರುವ ಗಡಿಯಾರವನ್ನು ಬಿಚ್ಚಿ ಜೋಡಿಸುತ್ತಾರೆ ಎಂದಳು. ಗೋದಾಮಿನ ಮಾಲೀಕ ಹೇಳಿಕಳಿಸಿದ್ದನ್ನೂ ತಿಳಿಸಿದಳು: ಒಳಗಿನ ಕತ್ತಲಲ್ಲಿ ಒಂದು ಮಗು ಮುಂದಿನ ಗಾಡಿಗೆ ಗುದ್ದಿದೆ, ಇನ್ನು ಮುಂದೆ ಮೊದಲ ಗಾಡಿಗೆ ಹಿಂದೆ ಮುಂದೆ ದೀಪ ಇರಲೇಬೇಕು, ಬರುವ ಭಾನುವಾರ ಅಣ್ಣ ಬಂದರೆ ಸರಿ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು.

"ಅವರಿಗೆ ಕೇಳೋಕೆ ಬಾಯೇ ಬರಲ್ಲ. ನಿಮ್ಮ ವಂಶವೇ ಹಾಗೆ," ಎಂದಳು ಅತ್ತಿಗೆ. "ನೀನೇ ಏನಾದ್ರೂ ಮಾಡು."

ಸೋಮವಾರ ಕಾಯಿಲಕ್ಕ ಅಣ್ಣನ ಹಿತ್ತಲಿಗೆ ಹೋಗಿ ಟಾರ್ಪಾಲು ಸರಿಸಿ ಎಂಜಿನ್ನಿನ ಸುತ್ತ ಕೈಯಾಡಿಸಿದಳು. ಅಣ್ಣ ಬಾಗಿಲಲ್ಲಿ ನಿಂತು ನೋಡಿದ.

"ಏನು ಮಾಡ್ತಿದ್ದೀಯ?"

"ಸೆಲ್ಫ್ ಹಾಕ್ತೀನಿ. ಲೈಟೂ ಹಾಕ್ತೀನಿ."

"ಹಾಗೇ ಒಂದು ಹಾರ್ನೂ ಹಾಕಿಬಿಡು."

"ಹಾರ್ನ್ ಯಾಕೆ? ನಿನ್ನ ಬಾಯಿದೆಯಲ್ಲ."

ಅಣ್ಣ ಬೇಡ ಎನ್ನಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಒಪ್ಪಿಗೆ.

ಗುಜರಿಯಲ್ಲಿ ಅದೇ ಎಂಜಿನ್ನಿನ ಹಾಳಾದ ಜನರೇಟರ್ ಒಂದು ಸಿಕ್ಕಿತು. ಬಟನ್ ಒತ್ತಿದರೆ ಶುರುವಾಗುತ್ತಿದ್ದ ಮಾದರಿ. ಅದರ ಫ್ಲೈವೀಲಿನ, ಅಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರದ, ಅಂಚಿಗೆ ಸುತ್ತಲೂ ಹಲ್ಲುಗಳಿದ್ದವು. ಆ ಹಲ್ಲು ಹಿಡಿದು ತಿರುಗಿಸುವ ಸ್ಟಾರ್ಟರ್ ಮೋಟರೂ ಇತ್ತು, ಒಳಗೆಲ್ಲ ಸುಟ್ಟಿತ್ತು. ಸುಟ್ಟಿದ್ದು ಅವಳಿಗೆ ದೊಡ್ಡ ಸಂಗತಿಯಲ್ಲ. ಮಂಗಳವಾರ ಹಳೆಯ ಫ್ಲೈವೀಲ್ ತೆಗೆದು ಹಲ್ಲಿನದನ್ನು ಕೂರಿಸಿದರು. ಅಣ್ಣ ಎಡಗೈಯಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದ, ಪ್ರತಿ ಸ್ಪ್ಯಾನರಿನ ಜೊತೆಗೆ ಒಂದು ಸಲಹೆಯನ್ನೂ ಕೊಡುತ್ತಿದ್ದ. ಬುಧವಾರ ಸೀಟಿನ ಹಿಂದೆ ಸ್ಕೂಟರಿನ ಬ್ಯಾಟರಿ ಕೂರಲು ಅವನೇ ಒಂದು ಪೆಟ್ಟಿಗೆ ಬೆಸೆದ. ಎಡಗೈ ಬೆಸುಗೆ ಹುಳು ಹರಿದ ಹಾಗೆ ಸೊಟ್ಟಗಿತ್ತು. ಅವನೇ ಅದನ್ನು ನೋಡಿ ನಕ್ಕ. ಅವನು ನಕ್ಕು ತಿಂಗಳುಗಳಾಗಿದ್ದವು ಎಂದು ಅತ್ತಿಗೆ ಆಮೇಲೆ ಹೇಳಿದಳು.

ಗುರುವಾರ ದೀಪ. ಮುಂದೆ ಸ್ಕೂಟರಿನದೊಂದು, ಹಿಂದೆ ಎರಡು ಕೆಂಪು. ಬ್ರೇಕಿನ ಪೆಡಲಿಗೆ ಸಣ್ಣ ಸ್ವಿಚ್ ಕಟ್ಟಿದಳು. ಅಣ್ಣ ಪೆಡಲ್ ಒತ್ತಿದ. ಹಿಂದೆ ನಿಂತ ಅತ್ತಿಗೆ, ಹತ್ತಿತು ಎಂದಳು. ಬಿಟ್ಟ, ಆರಿತು ಎಂದಳು. ಮತ್ತೆ ಒತ್ತಿದ. ಹತ್ತನೆಯ ಸಲಕ್ಕೆ ಕಾಯಿಲಕ್ಕ, ಬ್ಯಾಟರಿ ಮುಗಿಸಿ ಭಾನುವಾರ ಏನು ಮಾಡುತ್ತೀಯ ಎಂದು ಗದರಬೇಕಾಯಿತು.

ಶುಕ್ರವಾರ ಇಡೀ ದಿನ ಅವಳು ಸ್ಟಾರ್ಟರ್ ಸುತ್ತಿದಳು. ಹೊರಗಿನ ಕವಚದ ಕಾಯಿಲ್ ಬೇರೆ, ನಡುವೆ ತಿರುಗುವ ಭಾಗದ ಕಾಯಿಲ್ ಬೇರೆ. ಎರಡನ್ನೂ ಸುತ್ತಿ, ಬೆಸೆದು, ವಾರ್ನಿಷ್ ಕುಡಿಸಿ ಒಣಗಲು ಇಟ್ಟಳು.

ಶನಿವಾರ ಮಧ್ಯಾಹ್ನ ಮೋಟರ್ ಕೂರಿಸಿ ಅಣ್ಣನಿಗೆ ಬಟನ್ ತೋರಿಸಿದಳು. ಅವನು ಒತ್ತಿದ. ಮೋಟರ್ ಗುರ್ ಎಂದಿತು. ಎಂಜಿನ್ ಮಾತ್ರ ಮಿಸುಕಲಿಲ್ಲ. ಮೋಟರಿನ ತುದಿಯ ಸಣ್ಣ ಚಕ್ರ ಮುಂದಕ್ಕೆ ಜಾರಿ ಫ್ಲೈವೀಲಿನ ಹಲ್ಲು ಕಚ್ಚಬೇಕು. ಮೋಟರ್ ಸರಿಯಾದ ದಿಕ್ಕಿಗೆ ತಿರುಗಿದರೆ ಮಾತ್ರ ಅದು ಜಾರುತ್ತದೆ.

"ಉಲ್ಟಾ ತಿರುಗ್ತಿದೆ," ಎಂದ ಅಣ್ಣ.

ಕಾಯಿಲಕ್ಕನಿಗೆ ನಗು ಬಂತು. ಮೋಟರ್ ಉಲ್ಟಾ ತಿರುಗಿದರೆ ಎರಡು ವೈರ್ ಅದಲು ಬದಲು ಮಾಡು: ಮೂವತ್ತು ವರ್ಷಗಳಿಂದ ಫೋನಿನಲ್ಲೇ ಎಷ್ಟೋ ಜನರಿಗೆ ಹೇಳಿದ ಮಾತು ಅದು. ಮೋಟರನ್ನು ಬಿಚ್ಚಿ ಅಂಗಡಿಯ ಮೇಜಿಗೆ ತಂದು ಬ್ಯಾಟರಿಯಿಂದ ಬರುವ ಎರಡು ವೈರುಗಳನ್ನು ಅದಲು ಬದಲು ಮಾಡಿದಳು. ತಿರುಗಿತು, ಮೊದಲಿನ ದಿಕ್ಕಿಗೇ. ಮತ್ತೆ ಬದಲಿಸಿದಳು. ಅದೇ ದಿಕ್ಕು. ವೈರುಗಳೇ ಮನಸ್ಸು ಬದಲಿಸಿಯಾವು ಎಂಬಂತೆ ನಾಲ್ಕು ಸಲ ಮಾಡಿದಳು. ಎಲ್ಲವನ್ನೂ ಬಿಚ್ಚಿ ಹೊಸದಾಗಿ ಸುತ್ತಿ ಒಣಗಿಸಲು ಒಂದೂವರೆ ದಿನ ಬೇಕು. ಅಣ್ಣ ಗೋದಾಮಿನಲ್ಲಿರಬೇಕಾದದ್ದು ಮರುದಿನ ಬೆಳಗ್ಗೆ ಎಂಟಕ್ಕೆ.

ಹಿಂದೆಯೇ ಬಂದಿದ್ದ ಅಣ್ಣ ಎಲ್ಲವನ್ನೂ ನೋಡಿದ.

"ಬಿಡು. ನೀನು ಇಷ್ಟು ಮಾಡಿದ್ದೇ ಹೆಚ್ಚು," ಎಂದು ಹೇಳಿ ಮನೆಯ ಕಡೆ ನಡೆದ. ಟಾರ್ಪಾಲು ಹೊದಿಸಲು ಹೋಗುತ್ತಿದ್ದಾನೆ ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

ಅವಳು ಮೋಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೀದಿ ದಾಟಿದಳು. ಮೂವತ್ತು ವರ್ಷ ಹತ್ತದ ಮೂರು ಮೆಟ್ಟಿಲನ್ನು ಹತ್ತಿದಳು. ವಾಹನಗಳ ಸ್ಟಾರ್ಟರುಗಳೆಲ್ಲ ರಿಪೇರಿಗೆ ಹೋಗುತ್ತಿದ್ದುದು ಬ್ಯಾಟರಿ ಅಂಗಡಿಯವನ ಹತ್ತಿರವೇ, ಅವಳ ಹತ್ತಿರ ಬರುತ್ತಿರಲಿಲ್ಲ. ಅವನಿಗೂ ತಲೆ ಪೂರ್ತಿ ಬೆಳ್ಳಗಾಗಿತ್ತು. ಕೈ ಒರೆಸಿಕೊಂಡು ಎದ್ದು ನಿಂತ.

"ಬ್ಯಾಟರಿ ವೈರ್ ಬದಲಾಯಿಸಿದೆ. ಆದ್ರೂ ಅದೇ ಕಡೆ ತಿರುಗತ್ತೆ," ಎಂದಳು. ಮೋಟರನ್ನು ಅವನ ಮೇಜಿನ ಮೇಲಿಟ್ಟಳು.

ಅವನು ಮೋಟರನ್ನು ಬೆಳಕಿಗೆ ಹಿಡಿದು ನೋಡಿದ.

"ಅಕ್ಕ, ಇದು ನಿಮ್ಮ ಪಂಪಿನ ಮೋಟರ್ ಅಲ್ಲ. ಹೊರಗಿನ ಕಾಯಿಲ್‌ಗೂ ಒಳಗಿನದಕ್ಕೂ ಇಲ್ಲಿ ಒಂದೇ ಕರೆಂಟ್ ಹರಿಯೋದು. ಬ್ಯಾಟರಿ ಕಡೆ ಬದಲಾಯಿಸಿದ್ರೆ ಎರಡೂ ಒಟ್ಟಿಗೆ ಉಲ್ಟಾ ಆಗತ್ತೆ. ಎರಡು ಸಲ ಉಲ್ಟಾ ಆದ್ಮೇಲೆ ಮೊದಲಿನ ಹಾಗೇ ಅಲ್ವಾ? ಹೊರಗಿನದು ಮಾತ್ರ ಬದಲಾಯಿಸಿ."

ಅವಳಿಗೆ ತಟ್ಟನೆ ಹೊಳೆಯಿತು. ಹೊರಗಿನ ಕಾಯಿಲನ್ನು ಸೇರಿಸುವಾಗ ಎರಡು ತುದಿಗಳನ್ನು ಹಿಂದು ಮುಂದು ಮಾಡಿದ್ದಳು. ಮೂವತ್ತು ವರ್ಷದ ಕೈ ತನ್ನ ರೂಢಿಯನ್ನೇ ನಂಬಿಕೊಂಡು ಹೋಗಿತ್ತು. ಬಿಚ್ಚಬೇಕಾದದ್ದು ಎರಡೇ ಎರಡು ಬೆಸುಗೆ. ಅವನು ಇಕ್ಕಳದಲ್ಲಿ ಹಿಡಿದುಕೊಂಡ, ಅವಳು ಬೆಸೆದಳು. ಅರ್ಧ ಗಂಟೆಯ ಕೆಲಸ. ಅಲ್ಲೇ ಬ್ಯಾಟರಿಗೆ ಮುಟ್ಟಿಸಿದಾಗ ಸಣ್ಣ ಚಕ್ರ ಟಕ್ಕನೆ ಮುಂದಕ್ಕೆ ಜಿಗಿಯಿತು.

"ಇಷ್ಟು ಒತ್ತಾಗಿ ಸುತ್ತಿದ್ದನ್ನ ನಾನು ಎಲ್ಲೂ ನೋಡಿಲ್ಲ," ಎಂದ ಅವನು, ತಲೆ ಎತ್ತದೆ. ಇಕ್ಕಳವನ್ನು ಒರೆಸಿಡುತ್ತ, "ಮೂವತ್ತು ವರ್ಷದ ಹಿಂದೇನೇ ಇದನ್ನ ಹೇಳ್ಬೇಕಿತ್ತು. ಬೇರೆ ಏನೋ ಹೇಳ್ದೆ," ಎಂದ.

"ಉಪಕಾರ ಆಯ್ತು," ಎಂದಳು ಅವಳು. ಅಭ್ಯಾಸವಿಲ್ಲದ ಮಾತಾದ್ದರಿಂದ ಬೈದ ಹಾಗೆ ಹೊರಬಂತು. ಅವನಿಗೆ ಅರ್ಥವಾಯಿತು.

ಭಾನುವಾರ ಎಂಟಕ್ಕೆ ಮಕ್ಕಳೆಲ್ಲ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ಕೂತಿದ್ದರು. ಅಣ್ಣ ಸೀಟಿನಲ್ಲಿ ಕೂತು ಬಟನ್ ಒತ್ತಿದ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಅವನು ಆರಿಸಿ ಮತ್ತೆ ಒತ್ತಿದ. ಯಾರೂ ಏನೂ ಕೇಳದಿದ್ದರೂ ಮೂರನೆಯ ಸಲವೂ ಒತ್ತಿದ.

ಮಾಲೀಕ ಹತ್ತಿರ ಬಂದು ಬಗ್ಗಿ ನೋಡಿ, ಇದೆಲ್ಲ ಕಾಯಿಲಕ್ಕನ ಕೈಚಳಕವೇ ಎಂದು ಕೇಳಿದ. ಮಕ್ಕಳ ತಂದೆ ತಾಯಂದಿರೂ ತಿರುಗಿ ನೋಡಿದರು. ಪಕ್ಕದಲ್ಲೇ ನಿಂತಿದ್ದ ಅವಳು ಹೌದು ಎಂದು ಸುಮ್ಮನಿರಬಹುದಿತ್ತು.

"ಸುತ್ತಿದ್ದು ನಾನು," ಎಂದಳು. "ಆದ್ರೆ ಉಲ್ಟಾ ತಿರುಗ್ತಿತ್ತು. ಸರಿ ಮಾಡಿಸಿದ್ದು ನಮ್ಮ ಎದುರಿನ ಬ್ಯಾಟರಿ ಅಂಗಡಿಯವರು. ನಿಮ್ಮ ಬೇರೆ ಗಾಡಿಗೆ ಸೆಲ್ಫ್ ಹಾಕ್ಸೋದಿದ್ರೆ ಅವರನ್ನೂ ಕೇಳಿ."

ಅಣ್ಣ ಕತ್ತು ಹೊರಳಿಸಿ ತಂಗಿಯನ್ನು ನೋಡಿದ. ಆ ಮಾತನ್ನು ಅವಳು ಎಲ್ಲಿ ಕಲಿತಳು ಎಂಬುದು ಅವನಿಗೆ ತಿಳಿಯದ್ದೇನಲ್ಲ. ಆದರೆ ಅವನು ಎತ್ತಿದ್ದು ಬೇರೆಯೇ ಮಾತು.

"ಈ ಹಗ್ಗ ಯಾಕೆ ಬಿಟ್ಟಿದ್ದೀಯ? ಕಿತ್ತುಹಾಕೋದಲ್ವಾ?"

"ಇರ್ಲಿ. ಬ್ಯಾಟರಿ ಕೈಕೊಟ್ರೆ?"

ಅಣ್ಣ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ.

"ಕೈಕೊಟ್ರೆ ನಿನ್ನ ಕರೀತೀನಿ. ಬಂದು ಎಳೆದುಕೊಡು," ಎಂದ.

ಅವಳಿಗೆ ನೆನಪಿರುವಷ್ಟು ಕಾಲದಲ್ಲಿ ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ.

"ಬರ್ತೀನಿ," ಎಂದಳು.

ಅವನು ದೀಪ ಹಾಕಿಕೊಂಡು ಹೊರಟ. ಹಿಂದೆ ಎಂಟು ಗಾಡಿಗಳು. ಗೋದಾಮಿನ ಬಾಗಿಲು ದಾಟಿದ ಮೇಲೆ ಗಾಡಿ ಕಾಣಲಿಲ್ಲ. ಎರಡು ಕೆಂಪು ದೀಪಗಳು ಮಾತ್ರ ಕತ್ತಲೊಳಗೆ ಸಾಗಿ, ತಿರುವಿನಲ್ಲಿ ಒಮ್ಮೆ ಜೋರಾಗಿ ಉರಿದು, ಹಿಂದಿನವರಿಗೆ ನಿಧಾನ ಎಂದು ಹೇಳಿ, ಆಚೆ ಬಾಗಿಲಿನ ಬಿಸಿಲಿಗೆ ಹೊರಬಂದವು. ಕಾಯಿಲಕ್ಕ ಅಭ್ಯಾಸಬಲದಿಂದ ಎಣಿಸತೊಡಗಿದಳು. ಓಡಿಸಬೇಕಾದದ್ದು ಮೂರು ಸುತ್ತು. ಅವನು ಗಾಡಿ ನಿಲ್ಲಿಸುವ ಹೊತ್ತಿಗೆ ಅವಳ ಲೆಕ್ಕ ಐದಾಗಿತ್ತು.