ಐದು ಸಾವಿರದ ನಲವತ್ತು ಎಳೆ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿವೆ. ಸೀರೆಯ ಉದ್ದಕ್ಕೆ ಹೋಗುವ ದಾರಗಳನ್ನು ಹಾಸು ಅನ್ನುತ್ತೇವೆ. ಅಂಚು ಬಿಟ್ಟು ಸೀರೆಯ ಮೈಗೆ ಅಮ್ಮ ಯಾವಾಗಲೂ 5040 ಎಳೆಯೇ ಹಾಕಿಸುವುದು. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಬಾಲದ ಹಾಗೆ ನೇತಾಡುವ ಆ ನಲವತ್ತನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

"ಐದು ಸಾವಿರ ಮಾಡ್ಸಮ್ಮ, ನೆಟ್ಟಗಿರುತ್ತೆ" ಎಂದೆ ಒಮ್ಮೆ.

"ಯಾರಾದ್ರೂ ಏಳು ಬುಟ್ಟಾ ಕೇಳಿದ್ರೆ ಏನ್ ಮಾಡ್ತೀಯ? ಒಂಬತ್ತು ಕೇಳಿದ್ರೆ?"

ಬುಟ್ಟಾಗಳು, ಅಂದರೆ ಸೀರೆಯ ಮೈಮೇಲೆ ನೇಯುವ ಹೂಗಳು, ಅಗಲಕ್ಕೆ ಸಮನಾಗಿ ಕೂರಬೇಕಾದರೆ ಎಳೆಗಳೂ ಸಮ ಪಾಲಾಗಬೇಕು. ಲೆಕ್ಕ ಹಾಕಿ ನೋಡಿದೆ. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ 5040ರಲ್ಲಿ ಶೇಷ ಉಳಿಯುವುದಿಲ್ಲ. ಅದಕ್ಕಿರುವ ಭಾಜಕಗಳು ಅರವತ್ತು, ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಅಷ್ಟಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇದನ್ನು ಎಲ್ಲಿಂದ ಹೆಕ್ಕಿ ತಂದಳೋ. ಕೇಳಿದರೆ, "ಕೆಡಿಸಿ ಕೆಡಿಸಿ ಗೊತ್ತಾಯ್ತು" ಅನ್ನುತ್ತಾಳೆ.

ಕಳೆದ ವರ್ಷ, ಅಂಗಡಿಯವರು ನಡುವೆ ಇಲ್ಲದೆ, ಮೊದಲ ಸಲ ನಮಗೇ ನೇರವಾಗಿ ಒಂದು ಮದುವೆ ಆರ್ಡರ್ ಬಂತು. ಎಂಟು ಬುಟ್ಟಾ ಎಂದು ಮಾತಾಗಿತ್ತು. ಹಾಸು ಸುತ್ತಿ ಮುಗಿದು, ಇನ್ನೇನು ಮಗ್ಗಕ್ಕೆ ಏರಿಸಬೇಕು ಅನ್ನುವಾಗ ಮದುಮಗಳ ತಾಯಿ ಬಂದರು.

"ನಮ್ಮತ್ತೆ ಬೆಸ ಸಂಖ್ಯೆನೇ ಆಗ್ಬೇಕು, ಹನ್ನೊಂದೇ ಇರ್ಬೇಕು ಅಂತ ಹಟ ಹಿಡಿದವ್ರೆ. ಆಗಲ್ಲ ಅಂದ್ರೆ ಬೇರೆ ಕಡೆ ನೋಡ್ಕೋತೀವಿ."

ಹನ್ನೊಂದರಿಂದ 5040 ಭಾಗವಾಗುವುದಿಲ್ಲ. ಹೊಸ ಹಾಸು ಸುತ್ತಿಸಲು ದಿನವಿಲ್ಲ. ಬಾಯಿಗೆ ಬಂದ ತುತ್ತು ಜಾರಿತು ಎಂದು ಸಂಕಟವಾದರೂ, ಪಾಠ ಮಾಡುವ ದನಿಯಲ್ಲೇ, "ಲೆಕ್ಕದ ಪ್ರಕಾರ ಸಾಧ್ಯವೇ ಇಲ್ಲಮ್ಮ" ಎಂದುಬಿಟ್ಟೆ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದಳು. "ಸುಮ್ನಿರೇ. ಆ ಕಡೆಗೊಂದು ಈ ಕಡೆಗೊಂದು, ಎರಡು ಎಳೆ ಕಿತ್ತಾಕಿದ್ರೆ ಆಯ್ತು. ಬುಟ್ಟಾಗೆ ನಾನೂರೈವತ್ತೆಂಟು ಬರುತ್ತೆ."

ಮೊಬೈಲಿನಲ್ಲಿ ಒತ್ತಿ ನೋಡಿದೆ. 5038 ಭಾಗಿಸು 11, ಸರಿಯಾಗಿ 458. ನನ್ನ ಎಂ.ಎಸ್ಸಿ. ಬಗ್ಗೆ ನಾಚಿಕೆಯಾಯಿತು. ಅಮ್ಮನನ್ನು ನೋಡಿ ಎದೆ ಉಬ್ಬಿತು.

ಸೀರೆ ಒಯ್ಯಲು ಆ ಅತ್ತೆಯೇ ಬಂದರು. ಚಾಪೆಯ ಮೇಲೆ ಕೂತು, ಒಂದೊಂದು ಬುಟ್ಟಾದ ಮೇಲೂ ಬೆರಳಿಟ್ಟು ಎಣಿಸಿದರು. ಹನ್ನೊಂದೂ ಇಡಿಯಾಗಿದ್ದವು.

"ಯಾರಮ್ಮ ಈ ಲೆಕ್ಕ ಹಾಕಿದ್ದು?" ಎಂದು ಕೇಳಿದರು.

"ನನ್ ಮಗಳು. ಲೆಕ್ಕದ ಮೇಡಂ ಅವಳು" ಎಂದಳು ಅಮ್ಮ.

"ಅಲ್ಲ ಅಜ್ಜಿ" ಎಂದೆ. "ಲೆಕ್ಕ ಅಮ್ಮಂದು. ಆಗಲ್ಲ ಅಂದವಳು ನಾನು."